ಗೌರಮ್ಮನ ತಾಳದ ಕೈ

ವಡೋದರಾದ ಗೋರ್ವಾ ಬಡಾವಣೆಯ ಹೌಸಿಂಗ್ ಬೋರ್ಡ್ ಕಾಲನಿಯಲ್ಲಿ ಗೌರಮ್ಮನಿಗೆ ಹೆದರದವರು ಒಬ್ಬರೇ. ಅದು ಅವಳ ಗಂಡ ಸೀತಾರಾಮಯ್ಯ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸುತ್ತಿಗೆಯ ಸದ್ದಿನ ನಡುವೆ ದುಡಿದು ಅವರ ಕಿವಿ ಅರ್ಧ ಮಂದವಾಗಿತ್ತು. ಹೆಂಡತಿಯ ಬೈಗುಳದಲ್ಲಿ ಅರ್ಧ ಮಾತ್ರ ಅವರಿಗೆ ಮುಟ್ಟುತ್ತಿತ್ತು, ಮುಟ್ಟಿದ ಅರ್ಧಕ್ಕೂ ಅವರು ನಗುತ್ತಿದ್ದರು. ಮಿಕ್ಕಂತೆ ಹಾಲಿನವನಿಂದ ಹಿಡಿದು ಕಾಲನಿಯ ಸೆಕ್ರೆಟರಿಯವರೆಗೆ ಎಲ್ಲರೂ ಅವಳ ಮೆಟ್ಟಿಲ ಹತ್ತಿರ ಬಂದರೆ ದನಿ ತಗ್ಗಿಸುವವರೇ. ಸಂಜೆ ಐದರಿಂದ ಏಳರವರೆಗೆ ಎರಡನೆಯ ಮಹಡಿಯ ಆ ಮನೆಯಲ್ಲಿ ಸಂಗೀತ ಪಾಠ. ಆ ಹೊತ್ತಿನಲ್ಲಿ ಯಾರಾದರೂ ಸ್ಕೂಟರ್ ಹಾರ್ನ್ ಒತ್ತಿದರೆ ಗೌರಮ್ಮ ಬಾಲ್ಕನಿಗೆ ಬಂದು ಕನ್ನಡ, ಹಿಂದಿ, ಗುಜರಾತಿ ಮೂರರಲ್ಲೂ ಅವನ ಮರ್ಯಾದೆ ತೆಗೆಯುತ್ತಿದ್ದಳು.

ನಂಜನಗೂಡಿನ ಹುಡುಗಿ ಮದುವೆಯಾಗಿ ವಡೋದರಾಕ್ಕೆ ಬಂದದ್ದು ಅರವತ್ತೆರಡರಲ್ಲಿ. ಬರುವ ಹೊತ್ತಿಗೆ ಹನ್ನೊಂದು ವರ್ಷ ಸಂಗೀತ ಕಲಿತಿದ್ದಳು. "ಕಲಿ, ಬೇಡ ಅನ್ನಲ್ಲ. ಕಛೇರಿ ಗಿಛೇರಿ ಅಂತ ಜನರ ಮುಂದೆ ಕೂತರೆ ಮಾತ್ರ ಕಾಲು ಮುರೀತೀನಿ" ಎಂದಿದ್ದರು ಅಪ್ಪ. ಹಾಗಾಗಿ ಕಲಿತದ್ದೆಲ್ಲ ಬ್ಯಾಂಕು, ರೈಲ್ವೆ, ಇನ್ಶೂರೆನ್ಸು ಎಂದು ವರ್ಗವಾಗಿ ಬಂದ ಕನ್ನಡದವರ ಮಕ್ಕಳ ಪಾಲಾಯಿತು. ಮಕ್ಕಳು ಬರುತ್ತಿದ್ದವು, ಎರಡು ಮೂರು ವರ್ಷ ಕಲಿಯುತ್ತಿದ್ದವು, ಅಪ್ಪನಿಗೆ ವರ್ಗವಾಯಿತೆಂದು ಹೊರಟುಹೋಗುತ್ತಿದ್ದವು. ಗೌರಮ್ಮ ಫೀಸು ಮುಟ್ಟುತ್ತಿರಲಿಲ್ಲ. ವಿಜಯದಶಮಿಯ ದಿನ ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದು ನಮಸ್ಕಾರ, ಅಷ್ಟೇ ಅವಳ ಬೇಡಿಕೆ. ಆದರೆ ಆ ಒಂದು ದಿನ ಬರದಿದ್ದವರನ್ನು ಅವಳು ಮರೆಯುತ್ತಿರಲಿಲ್ಲ.

ಗಿರಿಧರ ಮರೆಯಲಾಗದವರ ಪಟ್ಟಿಯಲ್ಲಿ ಮೊದಲನೆಯವನು. ಬ್ಯಾಂಕಿನ ಗುಂಡಪ್ಪನವರ ಮಗ. ಎಂಟು ವರ್ಷದವನಿದ್ದಾಗ ಚಾಪೆಯ ಮೇಲೆ ಬಂದು ಕೂತ, ಹದಿನೈದಕ್ಕೆ ಎದ್ದುಹೋದ. ನಡುವಿನ ಏಳು ವರ್ಷ ಗೌರಮ್ಮ ತನ್ನಲ್ಲಿದ್ದುದನ್ನೆಲ್ಲ ಅವನಿಗೆ ಸುರಿದಳು. ಬೇರೆ ಮಕ್ಕಳಿಗೆ ಹತ್ತು ಸಲ ಹೇಳಬೇಕಾದ್ದನ್ನು ಅವನು ಒಂದೇ ಸಲಕ್ಕೆ ಹಿಡಿಯುತ್ತಿದ್ದ. "ನೋಡಿ, ನಾನು ಹತ್ತದೇ ಇದ್ದ ವೇದಿಕೆ ಇವನು ಹತ್ತುತಾನೆ" ಎಂದು ಗಂಡನ ಕಿವಿಯಲ್ಲಿ ಕೂಗಿ ಹೇಳಿದ್ದಳು. ಮಕ್ಕಳಿಲ್ಲದ ಹೆಂಗಸು, ಆಸೆ ಪಟ್ಟಳು, ತಪ್ಪೇನು? ಆಮೇಲೆ ಅವನ ಕೈಗೆ ಗಿಟಾರ್ ಬಂತು. ಪಾಠ ನಿಂತಿತು, ತೆಂಗಿನಕಾಯಿ ನಿಂತಿತು, ಎದುರು ಸಿಕ್ಕರೆ ನಗುವುದೂ ನಿಂತಿತು. ಅಪ್ಪ ಅಮ್ಮ ಹುಬ್ಬಳ್ಳಿಗೆ ವರ್ಗವಾಗಿ ಹೋದರೂ ಅವನು ಕಾಲೇಜಿನ ನೆಪ ಹೇಳಿ ವಡೋದರಾದಲ್ಲೇ ಉಳಿದ. ಅದನ್ನೆಲ್ಲ ಅವಳು ಹೇಗೋ ನುಂಗಿಕೊಂಡಿದ್ದಳು.

ನುಂಗಲಾಗದ್ದು ಬಂದದ್ದು ತೊಂಬತ್ತೇಳರ ಮೇ ತಿಂಗಳಲ್ಲಿ, ಪೂರ್ವಿಯ ಕೈಯಲ್ಲಿ.

ಪೂರ್ವಿ ಕೆಳಗಿನ ಮನೆಯ ಹುಡುಗಿ, ಇನ್ಶೂರೆನ್ಸ್ ಆಫೀಸಿನ ಮೇದಿನಿಯ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಮಾತಾಡುವಷ್ಟು ಕನ್ನಡ ಬರುತ್ತಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ. ಅವಳಿಗೆ ಗಿರಿಧರನ ಬ್ಯಾಂಡಿನ ಹುಚ್ಚು. ಬ್ಯಾಂಡಿನ ಹೆಸರು 'ಖುಲ್ಲಾ ಮೈದಾನ್', ಅಂದರೆ ತೆರೆದ ಬಯಲು. ಐದು ಜನ ಹುಡುಗರು, ಒಂದು ಹಾಡು ಹಿಡಿದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಹಾಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತು ಮಾಡಿಕೊಳ್ಳದೆ, ಒಬ್ಬ ಎಳೆದ ಕಡೆಗೆ ಇನ್ನೊಬ್ಬ ಹೋಗುತ್ತ, ವೇದಿಕೆಯ ಮೇಲೆಯೇ ಕಟ್ಟಿ ನುಡಿಸುವುದು ಅವರ ಪದ್ಧತಿ. ಬೇಸಿಗೆ ರಜೆಯಲ್ಲಿ ಬಯಲಿನಲ್ಲೇ ಕಾರ್ಯಕ್ರಮ. ಅಹಮದಾಬಾದಿನಿಂದ ಸೂರತ್‌ವರೆಗೆ ಅವರ ಹಿಂದೆ ಸುತ್ತುವ ಅಭಿಮಾನಿಗಳಿದ್ದರು. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಅವರೆಲ್ಲ ತಮಗೆ ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಪೂರ್ವಿಗೆ ಕೊಡಬೇಕು, ಪೂರ್ವಿ ಆ ಚೀಟಿಗಳನ್ನು ಅವರವರ ಕೈಬರಹದಲ್ಲೇ ದೊಡ್ಡ ಹಾಳೆಗೆ ಅಂಟಿಸಿ, ಝೆರಾಕ್ಸ್ ತೆಗೆಸಿ ಹಂಚಬೇಕು. ಬ್ಯಾಂಡಿನವರೂ ಆ ಹಾಳೆಗಾಗಿ ಕಾಯುತ್ತಿದ್ದರಂತೆ.

ಅವತ್ತು ಅವಳು ತಂದದ್ದು ಹಾಳೆಯಲ್ಲ, ಇಂಗ್ಲಿಷ್ ಪೇಪರು. ಅದರಲ್ಲಿ ಗಿರಿಧರನ ಫೋಟೋ, ಸಂದರ್ಶನ. "ಆಂಟಿ, ನಿಮ್ಮ ಸ್ಟೂಡೆಂಟ್ ಅಲ್ವಾ! ಸುನೋ, ನಾನು ಓದ್ತೀನಿ" ಎಂದು ಪೂರ್ವಿ ಹಿಗ್ಗಿನಿಂದ ಕನ್ನಡ ಮಾಡಿ ಓದತೊಡಗಿದಳು. ಓದುತ್ತ ಓದುತ್ತ ದನಿ ಸಣ್ಣದಾಯಿತು. ಆದರೂ ಗೌರಮ್ಮ ಬಿಡಲಿಲ್ಲ, ಪೂರ್ತಿ ಓದಿಸಿದಳು. ಪತ್ರಿಕೆಯವರು ಕೇಳಿದ್ದರು, ನಿಮ್ಮ ಗುರು ಯಾರು ಎಂದು. ಅವನು ಹೇಳಿದ್ದ: "ಗುರು ಅಂತ ನನಗೆ ಯಾರೂ ಇಲ್ಲ. ಚಿಕ್ಕವನಿದ್ದಾಗ ಒಬ್ಬ ಆಂಟಿ ತೊಡೆ ತಟ್ಟೋದನ್ನ ಕಲಿಸಿದ್ದರು. ಅದನ್ನ ಮರೆಯೋದಕ್ಕೆ ಐದು ವರ್ಷ ಹಿಡೀತು."

"ಇನ್ನೊಂದು ಸಲ ಓದು" ಎಂದಳು ಗೌರಮ್ಮ. ಪೂರ್ವಿ ಓದಿದಳು. ಓದಿ ಮುಗಿಸಿದ್ದೇ ಪೇಪರನ್ನೂ ಬಿಟ್ಟು ಕೆಳಗೆ ಓಡಿದಳು.

ಗೌರಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಬೈದಿದ್ದರೆ ಸಹಿಸುತ್ತಿದ್ದಳು. ಏಟು ಕೊಟ್ಟಿದ್ದಳು ಎಂದು ಹೇಳಿಕೊಂಡಿದ್ದರೂ ಸಹಿಸುತ್ತಿದ್ದಳು, ಕೊಟ್ಟದ್ದು ನಿಜ. ಹೆಸರಿಲ್ಲದ 'ಒಬ್ಬ ಆಂಟಿ' ಮಾಡಿಬಿಟ್ಟನಲ್ಲ! ಎರಡು ದಿನ ಅವಳ ಮನೆಯಲ್ಲಿ ಪಾತ್ರೆಗಳೆಲ್ಲ ಸದ್ದು ಮಾಡಿದವು.

"ತಾಳಿದವನು ಬಾಳಿಯಾನು ಕಣೇ" ಎಂದರು ಸೀತಾರಾಮಯ್ಯ.

"ಬಾಳೋ ಆಸೆ ನನಗಿಲ್ಲ. ಗುರುವಿಗೇ ತಿರುಮಂತ್ರ ಹಾಕಿದಾನೆ ನಿಮ್ಮ ಗುಂಡಪ್ಪನ ಮಗ. 'ಗೌರಮ್ಮ ನನ್ನ ಗುರು' ಅಂತ ಅವನ ಬಾಯಲ್ಲೇ, ಜನರ ಎದುರಿಗೇ ಹೇಳಿಸ್ತೀನಿ. ಅಲ್ಲಿಯವರೆಗೂ ನನಗೆ ಸಮಾಧಾನ ಇಲ್ಲ."

"ಹೇಗೆ ಹೇಳಿಸ್ತೀಯ? ಕಿವಿ ಹಿಂಡ್ತೀಯಾ?"

"ಮರೆತಿದೀನಿ ಅಂದನಲ್ಲ, ಮರೆತಿದಾನಾ ನೋಡೋಣ."

ಗಿರಿಧರನ ಒಂದು ಗುಟ್ಟು ಅವಳ ಕೈಯಲ್ಲಿತ್ತು. ಹುಡುಗನಿಗೆ ಸ್ವರ ಎಷ್ಟು ಗಟ್ಟಿಯೋ ಲೆಕ್ಕ ಅಷ್ಟೇ ಸಡಿಲ. ಅದರಲ್ಲೂ ಏಳು ಎಣಿಕೆಯ ತಾಳದಲ್ಲಿ ಎಡವುತ್ತಿದ್ದ. ತಟ್ಟು, ಕಿರುಬೆರಳು, ಉಂಗುರಬೆರಳು, ತಟ್ಟು, ಮಗುಚು, ತಟ್ಟು, ಮಗುಚು. ಇಷ್ಟನ್ನು ಅವನು ತನ್ನ ತೊಡೆಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಗೌರಮ್ಮನ ಕೈಯನ್ನೇ ನೋಡಿಕೊಂಡು ಹಾಡುತ್ತಿದ್ದ. ಹಾಲು ಉಕ್ಕಿತೆಂದು ಅವಳು ಎದ್ದು ಹೋದರೆ ಹಾಡು ತೂರಾಡುತ್ತಿತ್ತು. ಬೇಕೆಂದೇ ಒಂದು ಎಣಿಕೆ ಮುಂದೆ ತಟ್ಟಿದರೆ, ಪಕ್ಕದ ಮಕ್ಕಳು ಸರಿಯಾಗಿ ಹಾಡುತ್ತಿದ್ದರೂ ಅವನೊಬ್ಬ ಅವಳ ಕೈಯ ಹಿಂದೆ ಬಂದುಬಿಡುತ್ತಿದ್ದ. ಏಳು ವರ್ಷ ತಿದ್ದಿದರೂ ಅದು ಹೋಗಿರಲಿಲ್ಲ. ಈಗ ಬ್ಯಾಂಡಿನಲ್ಲಿ ಜನ ಹುಚ್ಚೆದ್ದು ಕುಣಿಯುವ ಹಾಡೂ ಏಳು ಎಣಿಕೆಯದೇ ಎಂದು ಪೂರ್ವಿ ಹೇಳಿದ್ದಳು. ಅಭಿಮಾನಿಗಳು ಅದನ್ನು ಹಿಂದಿಯಲ್ಲಿ ಏಳು, 'ಸಾತ್' ಎಂದೇ ಕರೆಯುತ್ತಿದ್ದರು.

ಮುಂದಿನ ಶನಿವಾರ ವಿಶ್ವಾಮಿತ್ರಿ ನದಿಯ ಕಡೆಯ ಒಂದು ಮೈದಾನದಲ್ಲಿ ಕಾರ್ಯಕ್ರಮ. ಗೌರಮ್ಮ ಪೂರ್ವಿಯನ್ನು ಹಿಡಿದು ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಾಕಿಸಿದಳು. ಪೂರ್ವಿ ಪಾಪ, ಆಂಟಿ ಕ್ಷಮಿಸಿದಳೆಂದು ಖುಷಿಪಟ್ಟಳು.

ಸಂಜೆ ಆರೂವರೆಗೂ ನೆಲ ಸುಡುತ್ತಿತ್ತು. ಟ್ಯಾಂಕರಿನವನು ನೀರು ಚಿಮುಕಿಸಿ ಹೋಗಿದ್ದ, ಹತ್ತು ನಿಮಿಷಕ್ಕೆ ಅದೂ ಆರಿ ಧೂಳು ಎದ್ದಿತ್ತು. ಹುಡುಗ ಹುಡುಗಿಯರು ಚಾದರ ಹಾಸಿಕೊಂಡು, ಮಜ್ಜಿಗೆಯ ಪೊಟ್ಟಣ ಕಚ್ಚಿಕೊಂಡು, ಬರಿಗಾಲಲ್ಲಿ ಕೂತಿದ್ದರು. ಅವರ ನಡುವೆ ಮೈಸೂರು ರೇಷ್ಮೆ ಸೀರೆ ಉಟ್ಟು ಬಂದ ಗೌರಮ್ಮನನ್ನು ಕಂಡು ಯಾರೋ ಮುಖ್ಯ ಅತಿಥಿ ಎಂದುಕೊಂಡು ಜಾಗ ಬಿಟ್ಟರು. ಸೀತಾರಾಮಯ್ಯ ಮುಂದಿನ ಸಾಲಿನ ಸ್ಪೀಕರಿಗೆ ಸರಿಯಾಗಿ ಕೂತು, ಎಷ್ಟೋ ವರ್ಷದ ಮೇಲೆ ಎಲ್ಲವೂ ಚೆನ್ನಾಗಿ ಕೇಳಿಸುತ್ತಿದೆ ಎಂದು ಸಂತೋಷಪಟ್ಟರು.

ಮೂರನೆಯದಾಗಿ 'ಸಾತ್' ಬಂತು. ಗಿರಿಧರ ಗಿಟಾರಿನ ಜೊತೆ ಸ್ವರ ಹಾಡುತ್ತಿದ್ದ. ನಾಲ್ಕು ಆವರ್ತ ಕೇಳುವಷ್ಟರಲ್ಲಿ ಗೌರಮ್ಮ ಕುರ್ಚಿಯಿಂದ ಅರ್ಧ ಎದ್ದಳು. ಸರಿಗ ಸರಿ ಗಮ! ಅವಳೇ ಅವನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಹೇಳಿಕೊಟ್ಟ ಅಲಂಕಾರದ ಪಾಠ. ಬೇಗ ಬೇಗ ನುಡಿಸಿ, ಮೇಲೆ ಡ್ರಮ್ಮು ಬಾರಿಸಿದ್ದರು, ಅಷ್ಟೇ. ಮರೆಯಲು ಐದು ವರ್ಷ ಹಿಡಿಯಿತಂತೆ, ಮರೆತದ್ದನ್ನೇ ಮಾರುತ್ತಿದ್ದಾನೆ ಕಳ್ಳ!

ಅವಳು ಸೆರಗು ಸರಿಮಾಡಿಕೊಂಡು ಬಲಗೈ ಎತ್ತಿದಳು. ಮೊದಲು ಸರಿಯಾದ ತಾಳವನ್ನೇ ಹಾಕಿದಳು, ಅವನ ಕಣ್ಣು ಬೀಳುವವರೆಗೆ. ಬಿತ್ತು. ಗಿರಿಧರನ ಮುಖದಲ್ಲಿ ಒಂದು ಕ್ಷಣ ಎಂಟು ವರ್ಷದ ಹುಡುಗ ಕಂಡ. ಅವನ ಕಣ್ಣು ಅವಳ ಕೈಗೆ ಅಂಟಿಕೊಂಡಿತು, ಆಮೇಲೆ ಬಿಡಲಿಲ್ಲ. ತಪ್ಪು ತಾಳ ಹಾಕುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ ಎಂದು ಮೂವತ್ತೈದು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ್ದವಳು ಗೌರಮ್ಮ. ದೇವರೇ ಕ್ಷಮಿಸಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡು ಒಂದು ಎಣಿಕೆ ಮುಂದೆ ತಟ್ಟಿದಳು. ಅವನು ಬಂದ. ಇನ್ನೊಂದು ಮುಂದೆ ತಟ್ಟಿದಳು. ಅದಕ್ಕೂ ಬಂದ. ಡ್ರಮ್ಮಿನವನು ಒಂದು ಕಡೆ, ಇವನು ಒಂದು ಕಡೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಈಗ ಬಿದ್ದ, ಈಗ ಬಿದ್ದ ಎಂದು ಗೌರಮ್ಮ ಉಸಿರು ಹಿಡಿದು ಕಾದಳು.

ಬೀಳಲಿಲ್ಲ. ಆ ಬ್ಯಾಂಡಿನ ಪದ್ಧತಿಯೇ ಒಬ್ಬ ಎಳೆದ ಕಡೆಗೆ ಎಲ್ಲರೂ ಹೋಗುವುದಲ್ಲವೆ? ಡ್ರಮ್ಮಿನವನು ಕಕ್ಕಾಬಿಕ್ಕಿಯಾಗಿ ಗಿರಿಧರನನ್ನು ನೋಡಿದ, ನಕ್ಕ, ಅವನೂ ಈ ಕಡೆಗೆ ಹಾರಿದ. ಮಿಕ್ಕ ಮೂವರೂ ಹಾರಿದರು. ಗೌರಮ್ಮ ಸಿಟ್ಟಿನಿಂದ ತಪ್ಪು ಹಾಕಿದಷ್ಟೂ ಅವರು ಹೊಸ ಹೊಸ ಕಡೆಗೆ ಹೊರಳುತ್ತ ಹೋದರು. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಕೂಗಿತು. ಕಡೆಗೆ ಕೈ ಸೋತು ಅವಳು ತೊಡೆಯ ಮೇಲೆ ಇಟ್ಟುಕೊಂಡಾಗ ಇಪ್ಪತ್ತು ನಿಮಿಷ ಕಳೆದಿತ್ತು.

"ಚೆನ್ನಾಗಿತ್ತು ಕಣೇ" ಎಂದರು ಸೀತಾರಾಮಯ್ಯ. ಗೌರಮ್ಮ ಗೋರ್ವಾ ತಲುಪುವವರೆಗೆ ಅವರೊಡನೆ ಮಾತಾಡಲಿಲ್ಲ.

ಸೋಮವಾರ ಪೂರ್ವಿ ಹಾಳೆ ತಂದು ಓದಿದಳು. ಒಬ್ಬ ಬರೆದಿದ್ದ: "ಸಾತ್ ಮುರಿದು ಮತ್ತೆ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ." ಆನಂದ್ ಪಟ್ಟಣದಿಂದ ಬಂದ ಹುಡುಗಿಯೊಬ್ಬಳು: "ಗಿರಿ ಯಾವ ಲೋಕವನ್ನು ನೋಡುತ್ತಿದ್ದನೋ ಗೊತ್ತಿಲ್ಲ, ಕಣ್ಣಿನ ರೆಪ್ಪೆ ಬಡಿಯಲಿಲ್ಲ. ನಾನು ಅತ್ತೆ." ಇಂಜಿನಿಯರಿಂಗ್ ಓದುವವನೊಬ್ಬ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ, ಪರೀಕ್ಷೆ ಹಾಳಾಗಲಿ ಎಂದು ಬರೆದಿದ್ದ. ಕೊನೆಗೆ ಅಹಮದಾಬಾದಿನ ಒಬ್ಬನ ಚೀಟಿ: "ಎಲ್ಲ ಅದ್ಭುತ. ಆದರೆ ಮುಂದಿನ ಸಾಲಿನ ಆಂಟಿಯೊಬ್ಬರು ಉದ್ದಕ್ಕೂ ತೊಡೆಯ ಮೇಲೆ ಸೊಳ್ಳೆ ಹೊಡೆಯುತ್ತಿದ್ದರು. ಆಯೋಜಕರು ಮೈದಾನಕ್ಕೆ ಸೊಳ್ಳೆ ಔಷಧಿ ಹೊಡೆಸಬೇಕು."

ಸೀತಾರಾಮಯ್ಯನವರಿಗೆ ಆ ಸಾಲು ಮಾತ್ರ ಸ್ಪಷ್ಟವಾಗಿ ಕೇಳಿಸಿ, ನಗು ತಡೆಯಲಾರದೆ ಬಾಲ್ಕನಿಗೆ ಹೋದರು.

ಮಂಗಳವಾರ ಬಾಗಿಲು ತಟ್ಟಿದ ಸದ್ದು. ತೆಗೆದರೆ ಗಿರಿಧರ. ಗಡ್ಡ ಬಿಟ್ಟಿದ್ದ, ಚಪ್ಪಲಿಯನ್ನು ಮಾತ್ರ ಹಳೆಯ ಅಭ್ಯಾಸದಂತೆ ಮೆಟ್ಟಿಲ ಪಕ್ಕ ಜೋಡಿಸಿ ಬಿಟ್ಟಿದ್ದ.

"ಟೀಚರ್..."

"ಆಂಟಿ ಅನ್ನು. ಪೇಪರಿನಲ್ಲಿ ಹಾಗೇ ಹಾಕಿದಾರೆ."

ಅವನು ತಲೆ ಕೆರೆದುಕೊಂಡ. "ಅದು... ಅವರು ಜಾಸ್ತಿ ಬರೆದುಬಿಟ್ರು. ಟೀಚರ್, ನೀವು ಶನಿವಾರ ಬೇಕಂತಲೇ ತಪ್ಪು ಹಾಕಿದ್ರಿ ಅಲ್ವಾ?"

"ಸೊಳ್ಳೆ ಹೊಡೀತಿದ್ದೆ."

"ಪ್ಲೀಸ್. ಅಂಥ ಸಾತ್ ನಾವು ಯಾವತ್ತೂ ನುಡಿಸಿಲ್ಲ. ಭಾನುವಾರ ಸೂರತ್ ಹತ್ರ ಸಚಿನ್ ಅನ್ನೋ ಊರಲ್ಲಿ ಶೋ ಇದೆ. ಎಲ್ಲರೂ ಅದೇ ಕೇಳ್ತಿದಾರೆ. ನಾನೊಬ್ಬನೇ ಎಷ್ಟು ಕೋಶಿಶ್ ಮಾಡಿದ್ರೂ ಬರ್ತಿಲ್ಲ. ನೀವು ಬಂದು ಮುಂದೆ ಕೂತರೆ ಸಾಕು."

ಬಂದದ್ದು ಕ್ಷಮೆ ಕೇಳುವುದಕ್ಕಲ್ಲ, ಕೈ ಬಾಡಿಗೆಗೆ ಕೇಳುವುದಕ್ಕೆ. ಗೌರಮ್ಮನ ಮೈ ಉರಿಯಿತು, ಆದರೆ ಮುಖ ಶಾಂತವಾಗಿತ್ತು. "ಮೈಕಿನಲ್ಲಿ ಹೇಳ್ತೀಯಾ? ಗೌರಮ್ಮ ನನ್ನ ಗುರು, ಈ ಹಾಡು ಅವರು ಹೇಳಿಕೊಟ್ಟಿದ್ದು ಅಂತ?"

"ಅಷ್ಟೇನಾ? ಹೇಳ್ತೀನಿ ಟೀಚರ್."

'ಅಷ್ಟೇನಾ' ಎಂದನಲ್ಲ, ಆ ಒಂದು ಮಾತು ಸಾಕಾಯಿತು. ಅವನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಗೌರಮ್ಮ ಮುಂದಿನದನ್ನು ನಿರ್ಧರಿಸಿದ್ದಳು.

ಭಾನುವಾರ ಗಂಡ ಹೆಂಡತಿ ಮೊಸರನ್ನದ ಡಬ್ಬಿ ಕಟ್ಟಿಕೊಂಡು ರೈಲಿನಲ್ಲಿ ಸೂರತ್‌ಗೆ ಹೋದರು, ಅಲ್ಲಿಂದ ಆಟೋದಲ್ಲಿ ಸಚಿನ್‌ಗೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಹಿಂದಿನ ಬಯಲು. ಬಣ್ಣದ ನೀರಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ವಡೋದರಾಕ್ಕಿಂತ ಎರಡು ಪಾಲು ಜನ. 'ಸಾತ್, ಸಾತ್' ಎಂದು ಮೊದಲೇ ಕೂಗು ಎದ್ದಿತ್ತು.

ಗಿರಿಧರ ಮಾತು ಉಳಿಸಿಕೊಂಡ. ಮೈಕ್ ಹಿಡಿದು ಹಿಂದಿಯಲ್ಲಿ ಹೇಳಿದ: "ಮುಂದಿನ ಸಾಲಿನಲ್ಲಿ ನನ್ನ ಗುರು ಗೌರಮ್ಮ ಕೂತಿದ್ದಾರೆ. ಈ ಹಾಡು ಅವರು ಕೊಟ್ಟದ್ದು." ಸಾವಿರಾರು ಜನ ಚಪ್ಪಾಳೆ ತಟ್ಟಿದರು. ಪೂರ್ವಿ ಸಿಳ್ಳೆ ಹೊಡೆದಳು. ಸೀತಾರಾಮಯ್ಯ ಕಣ್ಣೊರೆಸಿಕೊಂಡರು. ಗೌರಮ್ಮ ಎದ್ದು ನಿಂತು ನಾಲ್ಕು ದಿಕ್ಕಿಗೂ ಕೈ ಮುಗಿದು ಕೂತಳು. ಐವತ್ತೈದು ವರ್ಷಕ್ಕೆ ಮೊದಲ ಸಲ ಒಂದು ಸಭೆ ಅವಳ ಹೆಸರು ಕೇಳಿ ಚಪ್ಪಾಳೆ ತಟ್ಟಿತ್ತು. ಎದೆ ತುಂಬಿ ಬಂತು, ಸುಳ್ಳೇಕೆ? ತುಂಬಿದ ಎದೆಯ ಅಡಿಯಲ್ಲಿ 'ಅಷ್ಟೇನಾ' ಮಾತ್ರ ಹಾಗೇ ಕೂತಿತ್ತು.

'ಸಾತ್' ಶುರುವಾಯಿತು. ಗಿರಿಧರ ಅವಳ ಕೈ ಹುಡುಕಿದ. ಗೌರಮ್ಮ ನಿಧಾನವಾಗಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಕೂತಳು.

ಅವನು ಕಾದ. ಹುಬ್ಬು ಹಾರಿಸಿದ. ವೇದಿಕೆಯ ಅಂಚಿಗೆ ಬಂದು ತಲೆಯಾಡಿಸಿ ಕರೆದ. ಸೆರಗು ಅಲುಗಲಿಲ್ಲ. ಒಂದು ಸಲ ಗೌರಮ್ಮನ ಕಿರುಬೆರಳು ಒಳಗೊಳಗೇ ಎದ್ದಿತು, ಎಡಗೈಯಿಂದ ಅದನ್ನು ಹಿಡಿದು ಮಡಚಿದಳು. ಇನ್ನು ತಾನೇ ಏನಾದರೂ ಮಾಡಬೇಕೆಂದು ಗಿರಿಧರ ತಾರಸ್ಥಾಯಿಗೆ ಏರಿ, ಕಣ್ಣುಮುಚ್ಚಿ, ಅಲ್ಲಿಂದ ಇಳಿಯುವಾಗ ತಪ್ಪಿದ. ಎರಡು ಎಣಿಕೆ ನುಂಗಿಬಿಟ್ಟ. ಹುಡುಗನಿದ್ದಾಗ ನುಂಗುತ್ತಿದ್ದ ಅದೇ ಎರಡು. ಜೊತೆಯವರು ಅವನ ಹಿಂದೆ ಹಾರಿದರು, ಸದ್ದು ದೊಡ್ಡದಾಯಿತು, ಜನ ಕುಣಿದರು. ಆ ಬಯಲಿನಲ್ಲಿ ಅದು ತಪ್ಪೆಂದು ತಿಳಿದವಳು ಒಬ್ಬಳೇ. ಅವನ ಮುಖ ನೋಡಿದರೆ, ಏನೋ ತಪ್ಪಿದೆ ಎನ್ನುವುದಷ್ಟೇ ಅವನಿಗೆ ಗೊತ್ತಾಗಿತ್ತು.

ಕಾರ್ಯಕ್ರಮ ಮುಗಿದದ್ದೇ ಪೂರ್ವಿ ಚೀಟಿ, ಪೆನ್ನು ಹಿಡಿದು ಓಡಿಬಂದಳು. "ಆಂಟಿ, ನೀವೂ ಬರೀರಿ! ಗುರುಜಿ ಕಾ ಇಂಪ್ರೆಷನ್!"

ಗೌರಮ್ಮ ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ದುಂಡನೆಯ ಕನ್ನಡ ಅಕ್ಷರಗಳಲ್ಲಿ ಬರೆದಳು: "ಎರಡು ಎಣಿಕೆ ತಪ್ಪಿತು. ಎಲ್ಲಿ ಅಂತ ನಿನಗೆ ಗೊತ್ತಿಲ್ಲ."

ಪೂರ್ವಿಗೆ ಓದಲು ಬರಲಿಲ್ಲ. ಅಕ್ಷರ ಮುದ್ದಾಗಿವೆ ಎಂದು ಆ ಚೀಟಿಯನ್ನು ಹಾಳೆಯ ನಟ್ಟನಡುವೆ ಅಂಟಿಸಿ, ಸುತ್ತ ಹೂವಿನ ಬಳ್ಳಿ ಬರೆದು, ನಾನೂರು ಪ್ರತಿ ತೆಗೆಸಿದಳು. ಸುತ್ತ ಎಲ್ಲ ಹೊಗಳಿಕೆಯೇ. ಜೀವಮಾನದಲ್ಲಿ ಮರೆಯಲಾಗದ ಸಂಜೆ ಎಂದು ಮೂವರು ಬರೆದಿದ್ದರು. ಅಷ್ಟು ಅಭಿಮಾನಿಗಳಲ್ಲಿ, ಆ ಬ್ಯಾಂಡಿನಲ್ಲಿ, ಕನ್ನಡ ಓದಬಲ್ಲವನು ಒಬ್ಬನೇ. ಸಾಹಿತ್ಯ ಬರೆದುಕೊಳ್ಳಲೆಂದು ಅವನಿಗೆ ಅಕ್ಷರ ತಿದ್ದಿಸಿದವಳೂ ಗೌರಮ್ಮನೇ.

"ಏನು ಬರೆದಿದೆ ಅಂತ ಎಲ್ಲರೂ ಗಿರಿಯನ್ನ ಕೇಳಿದ್ರು ಆಂಟಿ" ಎಂದಳು ಪೂರ್ವಿ ಎರಡು ದಿನ ಬಿಟ್ಟು. "ಆಶೀರ್ವಾದ ಅಂದ. ಆಮೇಲೆ ಚುಪ್. ಪ್ರಾಕ್ಟೀಸ್‌ಗೂ ಬಂದಿಲ್ಲ. ಆ ಶೋ ರೆಕಾರ್ಡ್ ಮಾಡಿದ ಕ್ಯಾಸೆಟ್ ಹಾಕ್ಕೊಂಡು ಕೂತಿದಾನೆ."

ಗುರುವಾರ ಮಧ್ಯಾಹ್ನ ಬಿಸಿಲು ಉರಿಯುತ್ತಿರುವಾಗ ಅವನು ಬಂದ. ಗಿಟಾರ್ ಇರಲಿಲ್ಲ. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಮಡಚಿ ಮಡಚಿ ಹಣ್ಣಾದ ಹಾಳೆ.

"ಎಲ್ಲಿ ತಪ್ಪಿತು ಟೀಚರ್? ಅರವತ್ತು ಸಲ ಕೇಳಿದೆ. ಸಿಕ್ತಿಲ್ಲ. ಹೇಳಿ."

ಈ ಮಾತಿಗಾಗಿ ಗೌರಮ್ಮ ಅವನು ಪಾಠ ಬಿಟ್ಟಂದಿನಿಂದ ಒಂಬತ್ತು ವರ್ಷ ಕಾದಿದ್ದಳು. ಎಲ್ಲಿ ತಪ್ಪಿತೆಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಒಂದೇ ವಾಕ್ಯ. ಅದನ್ನು ನುಂಗಿ, "ನಿನಗೆ ಗುರು ಇಲ್ಲವಲ್ಲಪ್ಪ, ಯಾರನ್ನ ಕೇಳ್ತಿದೀಯ?" ಎಂದು ಬಾಗಿಲು ಹಾಕಿ ಚಿಲಕ ಜಡಿದಳು.

ಅವನು ಹೋಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ತೊಡೆ ತಟ್ಟುವ ಸದ್ದು. ತಟ್ಟು, ಕಿರುಬೆರಳು, ಉಂಗುರಬೆರಳು. ಯಾರ ಕೈಯನ್ನೂ ನೋಡದೆ, ತನ್ನ ತೊಡೆಯ ಮೇಲೆ ತಾನೇ ಹಾಕಿಕೊಂಡು, ಸಣ್ಣ ದನಿಯಲ್ಲಿ ಸರಿಗ ಸರಿ ಗಮ ಹಾಡತೊಡಗಿದ. ಮೇಲೆ ಏರಿದ, ಇಳಿದ, ತಪ್ಪಿದ. ಮತ್ತೆ ಮೊದಲಿನಿಂದ ಹಿಡಿದ. ಅದೇ ಜಾಗದಲ್ಲಿ ತಪ್ಪಿದ.

ಗೌರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಗೆದ್ದಿದ್ದಳು, ಗೆದ್ದ ಸುಖ ಮೈತುಂಬ ಇತ್ತು. ಆದರೆ ಅವನು ಮೂರನೆಯ ಸಲ ಇಳಿಯತೊಡಗಿದಾಗ ಅವಳ ಬಾಯಿ ತಾನಾಗಿ ತೆರೆಯಿತು, 'ಅಲ್ಲಿ ನಿಲ್ಲೋ, ಎರಡು ಎಣಿಸು' ಎನ್ನುವುದು ಗಂಟಲಿಗೆ ಬಂದಿತ್ತು. ಇನ್ನೊಂದು ಕ್ಷಣ ಕೇಳಿಸಿಕೊಂಡರೆ ತಿದ್ದಿಬಿಡುತ್ತೇನೆ ಎಂದು ಅವಳಿಗೆ ಭಯವಾಯಿತು. ದಡದಡನೆ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು.

"ಏನು ರುಬ್ತಿದೀಯೇ ಈ ಹೊತ್ತಿನಲ್ಲಿ?" ಎಂದು ಸೀತಾರಾಮಯ್ಯ ಒಳಗಿನಿಂದ ಕೂಗಿ ಕೇಳಿದರು.

ಜಾರಿನಲ್ಲಿ ಏನೂ ಇರಲಿಲ್ಲ. ಮುಚ್ಚಳದ ಮೇಲೆ ಬಲಗೈಯನ್ನು ಬಲವಾಗಿ ಅದುಮಿ ಹಿಡಿದು ಖಾಲಿ ಮಿಕ್ಸಿಯನ್ನೇ ತಿರುಗಿಸುತ್ತ ನಿಂತಳು.